ಸಾವಕಾರರ ಕೊಟ್ಟಿಗೆ

ದನದ ಕೊಟ್ಟಿಗೆಯನ್ನು ಹೆರಿಗೆ ಕೋಣೆ ಮಾಡಿದ್ದು ನನ್ನ ಹಟಕ್ಕೆ ಅಂತ ಬೀದರಿನಲ್ಲಿ ಆಗ ಆಡಿಕೊಂಡರು. ಹಟ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹಟಕ್ಕಿಂತ ಮೊದಲು ಅಲ್ಲಿ ಗಟಾರ ಇತ್ತು. ನೆಲಕ್ಕೆ ಕಲ್ಲು ಹಾಸಿತ್ತು, ಕಲ್ಲಿಗೆ ಇಳಿಜಾರು ಇತ್ತು, ಸುರಿದ ನೀರು ತಾನೇ ಹರಿದು ಹೊರಗೆ ಹೋಗುತ್ತಿತ್ತು. ಹೆರಿಗೆ ಮಾಡಿಸಿದವರಿಗೆ ಮಾತ್ರ ಇದರ ಬೆಲೆ ಗೊತ್ತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಚಳಿಗಾಲ ಅದು. ಕಚೇರಿಯ ಬೋರ್ಡಿನ ಉರ್ದು ಅಕ್ಷರಗಳ ಮೇಲೆ ಬಣ್ಣ ಬಳಿದು ಕನ್ನಡ ಬರೆದಿದ್ದರು. ಬಣ್ಣ ತೆಳುವಾಗಿದ್ದರಿಂದ ಕೆಳಗಿನ ಉರ್ದು ಇನ್ನೂ ಇಣುಕುತ್ತಿತ್ತು. ಹೈದರಾಬಾದಿನಲ್ಲಿ ನರ್ಸ್ ತರಬೇತಿ ಮುಗಿಸಿ ಬಂದ ನನಗೆ ಹಳೆ ಶಹರದ ಓಣಿಗಳ ನಡುವೆ ಒಂದು ಹೆರಿಗೆ ಕೇಂದ್ರ ತೆರೆಯುವ ಕೆಲಸ ಬಿತ್ತು. ಕಬ್ಬಿಣದ ಎರಡು ಮಂಚ, ಒಂದು ಹೆರಿಗೆ ಮೇಜು, ಕತ್ತರಿ ಚಿಮಟ ಕುದಿಸುವ ಡಬ್ಬಿ, ಸ್ಟೋವು, ಇವಿಷ್ಟು ಸರಕಾರ ಕೊಟ್ಟಿತ್ತು. ಮನೆಯನ್ನು ನಾನೇ ಬಾಡಿಗೆಗೆ ಹುಡುಕಬೇಕು. ಸಹಾಯಕ್ಕೆ ಒಬ್ಬ ಆಯಾ ಇದ್ದಳು, ನಡುವಯಸ್ಸಿನ ಮುಸಲ್ಮಾನ ವಿಧವೆ. ಮೇಲಧಿಕಾರಿಯಾಗಿ ಮೈಸೂರಿನ ಕಡೆಯಿಂದ ಹೊಸದಾಗಿ ಬಂದ ಡಾಕ್ಟರು ಇದ್ದರು. ಒಳ್ಳೆಯವರು. ಒಳ್ಳೆಯವರು ಅನ್ನುವುದಕ್ಕೆ ಬೈಗುಳದ ಅರ್ಥವೂ ಇರಬಹುದು ಅಂತ ಅವರನ್ನು ನೋಡಿದ ಮೇಲೆ ನನಗೆ ತಿಳಿಯಿತು.

ಔರಾದಿನಲ್ಲಿ ಬೆಳೆದವಳು ನಾನು. ಬೀದರ ದೊಡ್ಡ ಶಹರ, ಅಲ್ಲಿ ಎಲ್ಲ ಥರದ ಮಂದಿ ಕೂಡಿ ಇರುತ್ತಾರೆ ಅಂತ ಸಣ್ಣಂದಿನಿಂದ ಕೇಳಿದ್ದೆ. ಎಲ್ಲ ಥರದ ಮಂದಿ ಇದ್ದದ್ದು ನಿಜ. ಒಂದೊಂದು ಥರದವರು ಒಂದೊಂದು ಓಣಿಯಲ್ಲಿ ಇದ್ದರು. ಓಣಿಗೊಂದು ಬಾವಿ, ಓಣಿಗೊಂದು ಕಟ್ಟೆ, ಓಣಿಗೊಬ್ಬ ಸೂಲಗಿತ್ತಿ. ಮೊಹಲ್ಲಾದ ಮುಸಲ್ಮಾನರಲ್ಲಿ ಕೆಲವರ ಮನೆಗಳು ನಿಜಾಮನ ಆಳಿಕೆ ಮುಗಿದಾಗಿನ ಗಡಬಡಿಯ ಕಾಲದಿಂದ ಬೀಗ ಹಾಕಿಯೇ ಇದ್ದವು. ಆ ಮನೆಗಳನ್ನು ಕೇಳೋಣವೆಂದರೆ ಆಯಾಳೇ ತಡೆದಳು.

"ನಮ್ಮ ಮೊಹಲ್ಲಾದಾಗ ಕೊಡ್ತಾರ್ರಿ ಬಾಯಿ. ಆದ್ರ ನಿಮ್ಮ ಮಂದಿ ಯಾರ್ ಬರ್ತಾರ ಅಲ್ಲಿಗಿ? ಹಗಲಾಗ ದಾಟೋ ಮುಂದೂ ಸೆರಗು ಎಳಕೊಂಡು ಓಡ್ತಾರ."

ಸಾವಕಾರರ ಓಣಿಯಲ್ಲಿ ತೆಗೆದರೆ ಕೇರಿಯ ಹೆಂಗಸರು ಬರುವಂತಿಲ್ಲ. ಕೇರಿಯಲ್ಲಿ ತೆಗೆದರೆ ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಬೇಕಾಗಿದ್ದು ಎರಡು ಕಡೆ ಮುಖ ಇರುವ ಮನೆ. ತಿರುಗಿ ತಿರುಗಿ ಕಾಲು ಬಾತ ಮೇಲೆ, ಬೇಸಿಗೆಯ ಹೊತ್ತಿಗೆ ಅಂಥದೊಂದು ಸಿಕ್ಕಿತು. ಬೇಳೆ ವ್ಯಾಪಾರದ ಸಾವಕಾರರೊಬ್ಬರ ಮನೆ. ಮುಂಬಾಗಿಲು ಅವರ ಓಣಿಗೆ. ಹಿತ್ತಲಿನ ಕೊಟ್ಟಿಗೆಯ ಬಾಗಿಲು ಕೇರಿಯ ಸಂದಿಗೆ. ಮುಂದಿನ ಎರಡು ಕೋಣೆ ಬಾಡಿಗೆಗೆ ಇದ್ದವು. ಸಾವಕಾರರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಯಾರ್ಯಾರು ಬರುತ್ತಾರೆ ಅಂತ ಕೇಳಿದರು. ಯಾರು ಬಸುರಿಯೋ ಅವರೆಲ್ಲ ಬರುತ್ತಾರೆ ಅಂದೆ.

"ಬರ್ಲಿ. ನಾವು ಬಸವಣ್ಣನ ಒಕ್ಕಲು. ನಮ್ಮಲ್ಲಿ ಹಡದ್ರ ಮೈಲಿಗಿ, ಸತ್ರ ಸೂತಕ ಅಂಬೋದು ಇಲ್ಲ. ಕಲ್ಯಾಣ ಎಷ್ಟರ ದೂರ ಅದ ಇಲ್ಲಿಂದ?" ಅಂದರು. ಆಮೇಲೆ ನನ್ನ ಬಿಳಿ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾರ ಪೈಕಿ?" ಅಂದರು.

"ನರ್ಸ್ ಪೈಕಿ ರೀ."

ನಕ್ಕರು. ಮೂರು ವರ್ಷದ ಕರಾರಿಗೆ ಡಾಕ್ಟರ ಎದುರು ಸಹಿ ಹಾಕಿದರು. ಹಿತ್ತಾಳೆ ಲೋಟದಲ್ಲಿ ನನಗೆ ನೀರು ಬಂತು.

ಆ ಲೋಟ ಹೆಚ್ಚು ದಿನ ಬಾಳಲಿಲ್ಲ. ಧಾನ್ಯದ ಪೇಟೆ ಗಂಜಿನಲ್ಲಿ ಅವರಿಗೆ ಔರಾದಿನ ಗಿರಾಕಿಯೊಬ್ಬ ಸಿಕ್ಕಿದನಂತೆ, ನಾನು ಅಲ್ಲಿಯ ಕೇರಿಯವಳು ಅಂತ ಹೇಳಿದನಂತೆ. ಮರುದಿನದಿಂದ ನನ್ನ ನೀರು ಗೂಡಿನಲ್ಲಿಟ್ಟ ಪಿಂಗಾಣಿ ಕಪ್ಪಿನಲ್ಲಿ ಬರತೊಡಗಿತು. ಕಪ್ಪು ತೊಳೆದಿಡುವ ಕೆಲಸವೂ ನನ್ನದೇ. ನಾನು ಊರಂಚಿನ ಮೈಲೂರಿನಲ್ಲಿದ್ದ ನನ್ನ ಕೋಣೆಯಿಂದ ಬರುವಾಗ ಹೂಜಿಯಲ್ಲಿ ನೀರು ತರತೊಡಗಿದೆ. ಅವರ ಕಪ್ಪನ್ನು ಸ್ಪಿರಿಟ್ಟಿನಲ್ಲಿ ಥರ್ಮಾಮೀಟರ್ ಮುಳುಗಿಸಿಡುವುದಕ್ಕೆ ಬಳಸಿಕೊಂಡೆ. ಅದಕ್ಕಿಂತ ಶುದ್ಧವಾದ ಕಪ್ಪು ಆ ಮನೆಯಲ್ಲಿ ಇರಲಿಲ್ಲ.

ಕೇಂದ್ರ ತೆರೆದ ವಾರದಲ್ಲೇ ಕೇರಿಯಿಂದ ಒಬ್ಬಳು ಪರೀಕ್ಷೆಗೆ ಬಂದಳು. ಮುಂಬಾಗಿಲಿನಿಂದ ಬಾ ಅಂತ ನಾನೇ ಹೇಳಿದ್ದೆ. ಚಪ್ಪಲಿ ಹೊಲಿಯುವವನ ಹೆಂಡತಿ, ಮೂರನೆಯ ಬಸುರು. ಮೊದಲಿನ ಎರಡೂ ಕೂಸು ಕಾಲು ಮುಂದಾಗಿ ಬಂದು ತಲೆ ಸಿಕ್ಕು ಸತ್ತಿದ್ದವು. ಸೂಲಗಿತ್ತಿ ಕಾಲು ಹಿಡಿದು ಎಳೆದಿದ್ದಳು. ಎಳೆದರೆ ಕೂಸಿನ ಕೈ ಮೇಲಕ್ಕೆ ಹೋಗುತ್ತದೆ, ಗದ್ದ ಎತ್ತಿಕೊಳ್ಳುತ್ತದೆ, ಆಮೇಲೆ ಬ್ರಹ್ಮ ಬಂದರೂ ತಲೆ ಇಳಿಯುವುದಿಲ್ಲ. ಹೊಟ್ಟೆ ಮುಟ್ಟಿ ನೋಡಿದೆ. ಗಟ್ಟಿ ದುಂಡನೆಯ ತಲೆ ಪಕ್ಕೆಲುಬಿನ ಕೆಳಗೇ ಕೂತಿತ್ತು. ಈ ಸಲವೂ ಹಾಗೇ.

"ಇದೂ ಹೋಗ್ತದೇನ್ರಿ?" ಅಂದಳು. ಅಳಲಿಲ್ಲ, ಸಂತೆಯಲ್ಲಿ ದರ ಕೇಳಿದಂತೆ ಕೇಳಿದಳು.

"ಹೋಗಂಗಿಲ್ಲ. ಆದ್ರ ನೋವು ಶುರು ಆದ ಕೂಡ್ಲೆ ನೀ ಇಲ್ಲಿಗಿ ಬರಬೇಕು. ಮನ್ಯಾಗ ಯಾರಿಗೂ ಮುಟ್ಟಗೊಡಬ್ಯಾಡ. ನಾ ನಿನ್ನ ಬಿಟ್ಟು ಏಳಂಗಿಲ್ಲ."

ಅಷ್ಟು ಖಚಿತವಾಗಿ ಹೇಳುವಂಥ ಕೆಲಸವಲ್ಲ ನಮ್ಮದು. ಆದರೂ ಹೇಳಿದೆ, ಆಡಿದ ಮೇಲೆ ಅದೇ ನನ್ನ ಕುತ್ತಿಗೆಗೆ ಬಿತ್ತು.

ಅವಳು ಮುಂಬಾಗಿಲಿನಿಂದ ಹೊರಬಿದ್ದದ್ದನ್ನು ಓಣಿ ನೋಡಿತು. ಸಾಯಂಕಾಲದೊಳಗೆ ಕಟ್ಟೆಯ ಮೇಲೆ ಪಂಚಾಯಿತಿ ಸೇರಿತು. ಸಾವಕಾರರು ಡಾಕ್ಟರ ಬಳಿ ಹೋದರು. ಡಾಕ್ಟರು ನನ್ನನ್ನು ಕರೆಸಿ, ಫ್ಯಾನಿಲ್ಲದ ಕೋಣೆಯಲ್ಲಿ ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದರು.

"ನೋಡಮ್ಮ, ಈ ಊರಿಗೆ ನಾನು ಹೊಸಬ. ಗಲಾಟೆ ಬೇಡ. ಹಿಂದೆ ಕೊಟ್ಟಿಗೆ ಇದೆಯಂತಲ್ಲ, ಖಾಲಿ ಮಾಡಿಕೊಡ್ತಾರಂತೆ. ಒಂದು ಮಂಚ ಅಲ್ಲಿ ಹಾಕಿಬಿಡು. ಆ ಜನ ಆ ಕಡೆಯಿಂದಲೇ ಬರಲಿ. ಸೇವೆ ನಡೀಬೇಕು ಅಷ್ಟೇ ತಾನೆ?"

ಆ ಜನ ಅಂದರು, ನನ್ನ ಮುಖ ನೋಡಿಕೊಂಡೇ. ಆಗಲಿ ಸರ್ ಅಂದು ಬಂದೆ.

ಕೊಟ್ಟಿಗೆ ನೋಡಲು ಹೋದಾಗ ಮನಸ್ಸಿನ ತುಂಬ ಬೈಗುಳವೇ ಇತ್ತು. ದನಗಳನ್ನು ಆಗಲೇ ಹೊಲಕ್ಕೆ ಸಾಗಿಸಿದ್ದರು. ಆಯಾ ಒಂದು ಕೊಡ ನೀರು ಸುರಿದು ಸಗಣಿ ಬಳಿದು ತೆಗೆಯತೊಡಗಿದಳು. ನೀರು ಕಲ್ಲಿನ ಮೇಲೆ ಸರ್ರನೆ ಇಳಿದು ಗಟಾರ ಸೇರಿ ಸಂದಿಗೆ ಹೋಯಿತು. ಇನ್ನೊಂದು ಕೊಡ ಹಾಕು ಅಂದೆ. ಅದೂ ಹೋಯಿತು. ಮುಂದಿನ ಕೋಣೆಗಳಿಗೆ ಮಣ್ಣಿನ ನೆಲ. ರಕ್ತ ಬಿದ್ದರೆ ಹೀರಿಕೊಂಡು ವಾಸನೆ ಹಿಡಿಯುವಂಥದು. ಇಲ್ಲಿ ಕಲ್ಲು, ಮೇಲೆ ಎತ್ತರದ ತಗಡು, ಮಂಚ ಸಮೇತ ಹೊತ್ತು ತರಬಹುದಾದ ಅಗಲ ಬಾಗಿಲು, ಮೂಲೆಯಲ್ಲಿ ದನಕ್ಕೆ ನೀರು ಕುಡಿಸುವ ಕಲ್ಲಿನ ತೊಟ್ಟಿ. ಇಡೀ ಮನೆಯಲ್ಲಿ ಹೆರಿಗೆಗೆ ತಕ್ಕ ಜಾಗ ಇದೊಂದೇ.

ಡಾಕ್ಟರು ಒಂದು ಮಂಚ ಅಂದಿದ್ದರು. ನಾನು ಎರಡೂ ಮಂಚ ತಂದೆ, ಮೇಜು ತಂದೆ, ಡಬ್ಬಿ, ಸ್ಟೋವು, ಔಷಧದ ಕಪಾಟು ಎಲ್ಲ ತಂದೆ. ಗೋಡೆಗೆ ಎರಡು ಸಲ ಸುಣ್ಣ ಹೊಡೆಸಿದೆ. ಸಂದಿಯ ಕಡೆ ಒಂದು ಕಿಟಕಿ ಕೊರೆಸಿದೆ. ಗಟಾರದ ಬಾಯಿಗೆ ಇಲಿ ಬರದಂತೆ ಜಾಳಿ ಕೂರಿಸಿದೆ. ನೆಲವನ್ನು ಸೋಡಾ ಹಾಕಿ ಉಜ್ಜಿ, ಫಿನಾಯಿಲ್ ಹಾಕಿ ಮತ್ತೆ ಉಜ್ಜಿ, ಕಲ್ಲಿನ ಸಂದುಗಳಿಗೆ ಸಿಮೆಂಟು ತುಂಬಿಸಿದೆ. ಮುಂದಿನ ಕೋಣೆಗಳಲ್ಲಿ ಒಂದು ಬೆಂಚು, ಹಾಲಿನಪುಡಿಯ ಡಬ್ಬಗಳು ಉಳಿದವು. ಡಾಕ್ಟರು ಬಂದು ನೋಡಿ, "ಎಲ್ಲಾನೂ ಇಲ್ಲಿಗೇ ತಂದುಬಿಟ್ಟೆಯಲ್ಲಮ್ಮ" ಅಂದರು. ನಾನು ಒಂದು ಬಕೆಟ್ಟು ನೀರು ಸುರಿದು ತೋರಿಸಿದೆ. ವೈದ್ಯಕೀಯವಾಗಿ ತಪ್ಪು ಹುಡುಕಲು ಅವರಿಗೆ ಆಗಲಿಲ್ಲ. ತಲೆ ಕೆರೆದುಕೊಂಡು ಹೋದರು.

ಸಾವಕಾರರಿಗೆ ಮೊದಲು ಖುಷಿಯಾಗಿತ್ತು, ಮುಂದಿನ ಬಾಗಿಲು ಸ್ವಚ್ಛವಾಯಿತಲ್ಲ ಅಂತ. ಅರ್ಥ ಆಗಲು ಎರಡು ದಿನ ಹಿಡಿಯಿತು. ಕೊಟ್ಟಿಗೆಗೂ ಅವರ ಒಳ ಅಂಗಳಕ್ಕೂ ನಡುವೆ ಒಂದು ಬಾಗಿಲಿತ್ತು. ಓಣಿಯ ಹೆಂಗಸರು ಅಂಗಳದಿಂದ ಆ ಬಾಗಿಲಿಗೆ, ಕೇರಿಯವರು ಸಂದಿಯಿಂದ ಈ ಬಾಗಿಲಿಗೆ. ಒಳಗೆ ಬಂದ ಮೇಲೆ ಎಲ್ಲರಿಗೂ ಅದೇ ಮೇಜು. ಸಾವಕಾರರು ಬಂದು ಆ ಬಾಗಿಲಲ್ಲಿ ನಿಂತರು, ಹೊಸ್ತಿಲು ದಾಟಲಿಲ್ಲ.

"ನರ್ಸಬಾಯಿ, ನನಗ ಕಲಿಸ್ಲಕ್ಕ ಬಂದೀರೇನು?"

"ಇಲ್ರಿ. ಹಡಿಸ್ಲಕ್ಕ ಬಂದೇನಿ."

"ನಮ್ಮ ಮನಿ ಹೆಣ್ಣುಮಕ್ಕಳು ಆ ಮಂದಿ ಮಲಗಿದ ಹಲಗಿ ಮ್ಯಾಲ ಮಲಗಬೇಕು?"

"ನಿಮ್ಮಲ್ಲಿ ಮೈಲಿಗಿ ಇಲ್ಲ ಅಂದಿದ್ರಲ್ಲರಿ."

"ಹಡದದ್ದಕ್ಕ ಇಲ್ಲ ಅಂದಿದ್ದೆ," ಅಂದರು.

ಅವರ ಲೆಕ್ಕ ಸ್ಪಷ್ಟವಾಗಿತ್ತು. ಹುಟ್ಟಿನ ಮೈಲಿಗೆ ಬಿಟ್ಟಿದ್ದರು, ಹುಟ್ಟಿದವರ ಮೈಲಿಗೆ ಬಿಟ್ಟಿರಲಿಲ್ಲ. ಅದೇ ವಾರ ಗವಂಡಿ ಬಂದು ಆ ಬಾಗಿಲಿಗೆ ಕೆಂಪು ಕಲ್ಲಿನ ಗೋಡೆ ಎಬ್ಬಿಸಿದ. ಕರಾರು ಇದ್ದದ್ದರಿಂದ ನನ್ನನ್ನು ಬಿಡಿಸಲು ಅವರಿಗೆ ಬರುತ್ತಿರಲಿಲ್ಲ, ಆದರೆ ತಮ್ಮ ಮನೆಯಲ್ಲಿ ಗೋಡೆ ಕಟ್ಟಿಕೊಳ್ಳಬೇಡಿ ಅನ್ನಲು ನನಗೂ ಬರುತ್ತಿರಲಿಲ್ಲ. ಗಾಳಿಗೆ ಅಂತ ಮೇಲೆ ಒಂದು ಗೇಣು ಸಂದು ಬಿಡಿಸಿದ್ದೊಂದೇ ಡಾಕ್ಟರು ನನಗೆ ಮಾಡಿದ ಉಪಕಾರ.

ಅಲ್ಲಿಂದ ಸಾವಕಾರರ ಓಣಿಯ ಒಬ್ಬಳೂ ಬರಲಿಲ್ಲ. ಬರಬೇಕೆಂದರೆ ಬಜಾರು ಸುತ್ತಿ, ಕೇರಿ ಹೊಕ್ಕು ಬರಬೇಕು. ಬದಲಿಗೆ ಹೇಳಿಕಳಿಸುತ್ತಿದ್ದರು, ಚೀಲ ತಗೊಂಡು ನರ್ಸಬಾಯಿ ಮನೆಗೆ ಬರಲಿ ಅಂತ. ನಾನು ಯೋಚನೆ ಮಾಡಿದೆ. ಇರುವುದು ಒಂದೇ ಚೀಲ, ಒಂದೇ ಜೊತೆ ಕೈ. ಉಳ್ಳವರ ಮನೆಗಳಿಗೆ ಅದು ತಿರುಗತೊಡಗಿದರೆ ಕೊಟ್ಟಿಗೆಯಲ್ಲಿ ಉಳಿಯುವುದು ಬರಿ ಮಂಚ. ಬಸುರಿ ಪರೀಕ್ಷೆಗೆ ಯಾರ ಮನೆಗಾದರೂ ಬರುತ್ತೇನೆ, ಹೆರಿಗೆ ಮಾತ್ರ ಮೇಜಿನ ಮೇಲೇ ಅಂತ ತೀರ್ಮಾನ ಮಾಡಿದೆ. ಓಣಿಗೆ ಓಣಿಯೇ ನನ್ನ ಮೇಲೆ ಹಲ್ಲು ಮಸೆಯಿತು. ನಾನು ಸಂದಿಯಲ್ಲಿ ಹೋಗುವಾಗ ಮಾಳಿಗೆಯಿಂದ ಮುಸುರೆ ನೀರು ಬೀಳುವುದು ಮಾಮೂಲಾಯಿತು. ಬಿಳಿ ಸೀರೆಯ ಮೇಲೆ ಬೇಳೆಯ ಕಟ್ಟು ಬಿದ್ದರೆ ಕಲೆ ಹೋಗುವುದಿಲ್ಲ.

ಹೀಗಿರುವಾಗ ಸಾವಕಾರರ ಮಗಳು ಬಂದಳು. ಭಾಲ್ಕಿಗೆ ಕೊಟ್ಟಿದ್ದರು; ಸೀಮಂತದ ಕುಬಸ ಮಾಡಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತಂದಿದ್ದರು. ನೋಡಲು ನನ್ನನ್ನು ಕರೆಸಿದರು. ಮೈಯಲ್ಲಿ ರಕ್ತ ಕಡಿಮೆ, ಕಣ್ಣಿನ ರೆಪ್ಪೆಯ ಒಳಗೆಲ್ಲ ಬಿಳಿಚು. ಕೂಸು ಚೆನ್ನಾಗಿತ್ತು. ನಾನು ಹೊಟ್ಟೆ ಮುಟ್ಟುವಾಗ ಅವಳ ತಾಯಿ ಉಸಿರು ಬಿಗಿಹಿಡಿದು ನಿಂತಿದ್ದಳು, ಮುಗಿದ ಕೂಡಲೇ ಮಗಳನ್ನು ಸ್ನಾನಕ್ಕೆ ಎಬ್ಬಿಸಿದಳು. ಮಗಳು ಹೋಗುತ್ತ ತಿರುಗಿ ಕೇಳಿದಳು, "ನಿಮ್ಮ ಕೈಲೇ ಆದ್ರ ಚಲೋ ಇತ್ತರಿ ಸಿಸ್ಟರ್?"

"ಚಲೋ ಇತ್ತವ್ವ. ರಕ್ತ ಕಮ್ಮಿ ಇದ್ದಾಕಿ ನೀ, ಹರಿಲಕ್ಕ ಹತ್ತಿದ್ರ ತಡೀಲಕ್ಕ ಔಷಧ ಬೇಕಾಗ್ತದ. ಆದ್ರ ನೀನೇ ಕೊಟಗಿಗಿ ಬರಬೇಕು," ಅಂದೆ.

ತಾಯಿ ಬಾಗಿಲ ಕಡೆ ಕೈ ತೋರಿಸಿದಳು. ನಾನು ಎದ್ದು ಬಂದೆ.

ಕೆಲವು ದಿನ ಕಳೆದು ಒಂದು ಸಂತೆಯ ದಿನ ಅದು. ಬಿಸಿಲೇರುವ ಹೊತ್ತಿಗೆ ಕೇರಿಯ ಆ ಚಪ್ಪಲಿಗಾರನ ಹೆಂಡತಿ ನೋವು ಶುರುವಾಗಿ, ಅತ್ತೆಯ ತೋಳು ಹಿಡಿದು ನಡೆದುಕೊಂಡೇ ಬಂದಳು. ಗೋಡೆಯ ಆಚೆ ಮುಂಜಾನೆಯಿಂದಲೇ ಸಾವಕಾರರ ಮಗಳ ನರಳಾಟ ಕೇಳುತ್ತಿತ್ತು. ಓಣಿಯ ಹಳೆಯ ಸೂಲಗಿತ್ತಿ ಅಲ್ಲಿ ಕೂತಿದ್ದಳು. ನಾನು ಈಚೆ ಕತ್ತರಿ ದಾರ ಕುದಿಸಿ, ಮೊಣಕೈವರೆಗೆ ಕೈ ತಿಕ್ಕಿ ತೊಳೆದು, ಇವಳನ್ನು ಮೇಜಿನ ತುದಿಗೆ ಸರಿಸಿ ಮಲಗಿಸಿದೆ.

ಕಾಲು ಮುಂದಾದ ಹೆರಿಗೆಯಲ್ಲಿ ಕಲಿಸುವ ಮೊದಲ ಪಾಠ ಕೈ ಹಚ್ಚಬಾರದು ಅಂತ. ಹೊಕ್ಕುಳ ಕಾಣುವವರೆಗೆ ಕೂಸನ್ನು ಮುಟ್ಟಬಾರದು. ತಾಯಿಯ ನೋವೇ ಅದನ್ನು ತಳ್ಳಿಕೊಂಡು ಬರಬೇಕು. ಮಗ್ಗುಲಲ್ಲಿ ಕೂತು, ಬಿಸಿ ಅರಿವೆ ಸಿದ್ಧ ಇಟ್ಟುಕೊಂಡು ಸುಮ್ಮನೆ ನೋಡಬೇಕು. ಹೇಳಲು ಸುಲಭ. ಅಂಡು ಹೊರಬಂದು ನಿಂತಾಗ, ಅತ್ತೆ ಕೈ ಚಾಚಿ ಚಾಚಿ ಬರುವಾಗ, ಎಳೆದುಬಿಡಲು ನಮ್ಮ ಕೈಯೂ ತುಡಿಯುತ್ತದೆ. ನಾನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತೆ. ನೋವು ಬಂದಾಗ ಮುಕ್ಕು, ಕೆಳಕ್ಕೆ ಒತ್ತು ಅಂದೆ, ಹೋದಾಗ ಉಸಿರು ಬಿಡು ಅಂದೆ.

ಆಗ ಗೋಡೆಯ ಆಚೆ ಗದ್ದಲ ಎದ್ದಿತು. ಕೂಸು ಅತ್ತಿತು, ಒಳ್ಳೆಯದಾಯಿತು ಅಂದುಕೊಳ್ಳುವಷ್ಟರಲ್ಲಿ ಹೆಂಗಸರ ದನಿ ಬದಲಾಯಿತು. ಮೇಲಿನ ಸಂದಿನಲ್ಲಿ ಸಾವಕಾರರ ಮನೆಯ ಕೆಲಸದವಳ ಮುಖ ಕಂಡಿತು, ಏನನ್ನೋ ಹತ್ತಿ ನಿಂತಿದ್ದಳು.

"ಬಾಯಿ, ಲಗೂನ ಬರ್ರಿ. ಮಾಸು ಬಿದ್ದಿಲ್ಲ, ರಕ್ತ ಹರಿಲಕ್ಕ ಹತ್ಯಾದ."

"ನಾ ಈಗ ಏಳಲಕ್ಕ ಬರಂಗಿಲ್ಲ. ಆಕೀನ್ ಇಲ್ಲಿಗಿ ತರ್ರಿ."

ಅವಳು ಮೇಜಿನ ಕಡೆ ನೋಡಿದಳು, ನನ್ನ ಖಾಲಿ ಕೈಗಳನ್ನು ನೋಡಿದಳು. ಆಚೆ ತಿರುಗಿ ಕೂಗಿ ಹೇಳಿದಳು.

"ಆಕಿ ಏನೂ ಮಾಡ್ಲಕತ್ತಿಲ್ರಿ ಸಾವಕಾರ್ರ. ಕೈ ಕಟ್ಕೊಂಡು ಕುಂತಾಳ."

ಆಮೇಲೆ ಗೋಡೆಯ ಆಚೆಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ನನ್ನ ಊರು, ನನ್ನ ತಾಯಿ, ನನ್ನ ಕೇರಿ ಯಾವುದೂ ಉಳಿಯಲಿಲ್ಲ. ನೌಕರಿ ಕಳೆಯುತ್ತೇನೆ ಅಂದರು, ಬೀದರು ಬಿಡಿಸುತ್ತೇನೆ ಅಂದರು. ಆಚೆ ಒಬ್ಬಳು ಸಾಯುತ್ತಿರಬಹುದು ಅಂತ ಅವರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಆದರೆ ನಾನು ಎದ್ದರೆ ಈ ಅತ್ತೆ ಕಾಲು ಹಿಡಿದು ಎಳೆಯುತ್ತಾಳೆ. ಎದ್ದು ಓಡಿದರೂ ಕೇರಿ ದಾಟಿ, ಬಜಾರು ಸುತ್ತಿ, ಸಂತೆಯ ನೂಕುನುಗ್ಗಲಲ್ಲಿ ಅವರ ಮುಂಬಾಗಿಲು ಮುಟ್ಟುವುದರೊಳಗೆ ಎರಡೂ ಕಡೆ ಮುಗಿದಿರುತ್ತಿತ್ತು.

ಮೇಜಿನ ಮೇಲಿದ್ದವಳು ನನ್ನನ್ನೇ ನೋಡುತ್ತಿದ್ದಳು. "ಹೋಗ್ತೀರೇನ್ರಿ?" ಅಂದಳು.

"ಇಲ್ಲ," ಅಂದೆ. ಆಮೇಲೆ ಗೋಡೆಗೆ ಕೇಳುವಂತೆ ಕೂಗಿದೆ. "ಸಾವಕಾರ್ರ, ನಾ ಎದ್ರ ಇಲ್ಲೊಂದು ಕೂಸು ಸಾಯ್ತದ. ಕೇರಿ ಸುತ್ತಿ ಹೊತ್ತು ತಂದ್ರ ದಾರ್ಯಾಗ ನಿಮ್ಮ ಮಗಳು ಸಾಯ್ತಾಳ. ಗ್ವಾಡಿ ಒಡೀರಿ."

ಆಚೆಯಿಂದ ಹಾರೆಯ ಮೊದಲ ಪೆಟ್ಟು ಬಿತ್ತು. ಸಂತೆಯ ದಿನ ಆಳುಗಳೆಲ್ಲ ಗಂಜಿನಲ್ಲಿದ್ದರು. ಹಾರೆ ಹಿಡಿದವರು ಯಾರು ಅಂತ ನನಗೆ ಆಗ ಗೊತ್ತಾಗಲಿಲ್ಲ.

ಈಚೆ ಹೊಕ್ಕುಳ ಕಂಡಿತು. ಹೊಕ್ಕುಳ ಹುರಿಯ ಒಂದು ಮಡಿಕೆಯನ್ನು ಮೆಲ್ಲಗೆ ಸಡಿಲಿಸಿದೆ, ಮಿಡಿತ ಇತ್ತು. ಅರಿವೆ ಸುತ್ತಿ ಸೊಂಟದ ಮೂಳೆಗಷ್ಟೇ ಕೈಯಿಟ್ಟೆ. ಭುಜ ಒಂದಾದ ಮೇಲೊಂದು ಜಾರಿ ಬಂದವು, ಕೈ ಮೇಲೆ ಹೋಗಿರಲಿಲ್ಲ. ಈಗ ಕೂಸನ್ನು ತನ್ನ ಭಾರಕ್ಕೆ ತಾನೇ ಜೋತುಬೀಳಲು ಬಿಡಬೇಕು. ಅದನ್ನು ನೋಡಿ ಅತ್ತೆ ಚಿಟ್ಟನೆ ಚೀರಿದಳು, ಆಯಾ ಅವಳನ್ನು ಹಿಂದಿನಿಂದ ತಬ್ಬಿ ಹಿಡಿದುಕೊಂಡಳು. ಗೋಡೆಯಿಂದ ಕೆಂಪು ಪುಡಿ ಉದುರಿ ನಾನು ತೊಳೆದ ನೆಲದ ಮೇಲೆಲ್ಲ ಹರಡುತ್ತಿತ್ತು. ಮೇಜಿನ ಮೇಲೆ ಬೀಳದಂತೆ ನಾನು ಬೆನ್ನು ಅಡ್ಡ ಮಾಡಿದೆ. ಕೂಸಿನ ಕತ್ತಿನ ಹಿಂದಿನ ಕೂದಲು ಕಂಡಿತು. ಪಾದ ಹಿಡಿದು, ಜಗ್ಗದೆ, ಅರ್ಧ ಸುತ್ತು ತಾಯಿಯ ಹೊಟ್ಟೆಯ ಕಡೆ ಎತ್ತಿದೆ. ಬಾಯಿ ಬಂತು, ಒರೆಸಿದೆ. ಮೂಗು ಬಂತು. ತಲೆ ತಾನಾಗಿ ನಿಧಾನಕ್ಕೆ ಹೊರಗೆ ಬಂತು. ಹೆಣ್ಣು ಕೂಸು, ಬಿಳಿಚಿತ್ತು, ಸುಮ್ಮನಿತ್ತು. ಬೆನ್ನು ಉಜ್ಜಿದೆ, ಅಂಗಾಲಿಗೆ ಬಡಿದೆ, ಬಾಯಿಯ ಲೋಳೆ ಎಳೆದೆ. ಕೊನೆಗೆ ಅದು ಸಿಟ್ಟು ಬಂದಂತೆ ಅತ್ತಿತು. ಅಷ್ಟು ಖುಷಿ ನನಗೆ ಯಾವ ಸಂಬಳದ ದಿನವೂ ಆಗಿಲ್ಲ.

ಹುರಿ ಕಟ್ಟಿ ಕತ್ತರಿಸಿ ಏಳುವುದಕ್ಕೂ ಗೋಡೆಯಲ್ಲಿ ಮನುಷ್ಯ ತೂರುವಷ್ಟು ಕಂಡಿ ಬೀಳುವುದಕ್ಕೂ ಸರಿಹೋಯಿತು. ಕಂಡಿಯ ಆಚೆ ಹಾರೆ ಹಿಡಿದು ನಿಂತಿದ್ದವರು ಸಾವಕಾರರೇ. ವಿಭೂತಿ ಬೆವರಿಗೆ ಹರಿದು ಕೆಂಪು ಮಣ್ಣಿನ ಜೊತೆ ಕಲಸಿತ್ತು. ಮಗಳನ್ನು ಕೌದಿಯಲ್ಲಿ ಹಾಕಿ ಇಬ್ಬರು ಹೆಂಗಸರು ಈಚೆ ದಾಟಿಸಿದರು. ತುಟಿ ಬಿಳಿ, ಕೈ ತಣ್ಣಗೆ, ನಾಡಿ ದಾರದಷ್ಟು ಸಣ್ಣ. ಎರಡನೆಯ ಮಂಚದ ಮೇಲೆ ಹಾಕಿ ಕಾಲಿನ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಆಯಾಳಿಗೆ ಮೇಜಿನವಳ ಬಳಿ ನಿಲ್ಲು ಅಂತ ಸನ್ನೆ ಮಾಡಿ ಮತ್ತೆ ಕೈ ತೊಳೆದೆ. ನಳಿಕೆ ಹಾಕಿ ಮೂತ್ರ ತೆಗೆದೆ, ಸೂಜಿ ಚುಚ್ಚಿದೆ, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಉಜ್ಜಿದೆ. ಹಿಟ್ಟಿನ ಹಾಗೆ ಮೆತ್ತಗಿದ್ದದ್ದು ಅಂಗೈ ಅಡಿಯಲ್ಲಿ ಮೆಲ್ಲಗೆ ಗಟ್ಟಿಯಾಗಿ ಬೇಲದಕಾಯಿಯಂತೆ ದುಂಡಗಾಯಿತು. ಮಾಸು ಇಡಿಯಾಗಿ ಬಂತು. ಅಂಚು ಹರಿದಿಲ್ಲ ಅಂತ ತಿರುವಿ ನೋಡಿ ಖಾತ್ರಿ ಮಾಡಿಕೊಂಡೆ. ರಕ್ತ ನಿಂತಿತು. ಆಯಾ ಒಂದರ ಮೇಲೊಂದು ಕೊಡ ನೀರು ಸುರಿದಳು. ಇಬ್ಬರ ರಕ್ತವೂ ಕೆಂಪು ಪುಡಿಯೂ ಕೂಡಿ ಗಟಾರದಲ್ಲಿ ಹೋಯಿತು.

ಇಷ್ಟಾದ ಮೇಲೆ ಸಾವಕಾರರ ಮನಸ್ಸು ಕರಗಿತು ಅಂತ ಬರೆದರೆ ಓದುವವರಿಗೆ ಹಿತವಾಗುತ್ತಿತ್ತು. ಸಂಜೆ ಕಂಡಿಯಲ್ಲಿ ಬಗ್ಗಿ ಅವರು ಕೇಳಿದ್ದು ಒಂದೇ ಮಾತು.

"ಯಾವಾಗ ಒಯ್ಬಹುದು?"

"ಎತ್ತಿದ್ರ ಮತ್ತ ಹರೀತದ. ನಾ ಹೇಳೋತನ ಇಲ್ಲೇ ಇರ್ಲಿ."

"ನಡುವ ಪರದಾ ಕಟ್ರಿ ಹಂಗಾದ್ರ."

ಕಟ್ಟಲಿಲ್ಲ. ನನಗೆ ಇಬ್ಬರ ಮೇಲೂ ಒಮ್ಮೆಲೇ ಕಣ್ಣಿಡಬೇಕಿತ್ತು. ಇಬ್ಬರು ಬಾಣಂತಿಯರು ತಮ್ಮ ತಮ್ಮ ಕೂಸಿನ ಜೊತೆ ಒಂದು ಮೊಳದ ಅಂತರದಲ್ಲಿ ಮಲಗಿದರು. ಸಾವಕಾರರ ಹೆಂಡತಿ ದಿನವೂ ಕಂಡಿಯಿಂದ ನುಸುಳಿ, ಕೇರಿಯವಳ ಮಂಚಕ್ಕೆ ಸೆರಗು ತಾಗದಂತೆ ಗೋಡೆ ಸವರಿಕೊಂಡು ಬಂದು ಮಗಳಿಗೆ ಅಂಟಿನ ಉಂಡಿ, ಸಬ್ಬಸಿಗೆ ಪಲ್ಲೆ, ಬಿಸಿ ರೊಟ್ಟಿ ಕೊಟ್ಟು ಹೋಗುತ್ತಿದ್ದಳು. ಒಂದು ದಿನ ಮಗಳು ಒಂದು ಉಂಡಿ ತೆಗೆದು ಪಕ್ಕದ ಮಂಚಕ್ಕೆ ಚಾಚಿದಳು. ತಾಯಿ ನೋಡಿಬಿಟ್ಟಳು. ಡಬ್ಬಿಯಲ್ಲಿ ಉಳಿದ ಉಂಡಿಗಳನ್ನೆಲ್ಲ ಗಟಾರಕ್ಕೆ ಸುರಿದು ಹೋದಳು.

ಕೇರಿಯವಳು ತನ್ನ ಕೈಗೆ ಬಂದ ಉಂಡಿಯನ್ನು ತಿನ್ನಲಿಲ್ಲ. ಕಿಟಕಿಯಲ್ಲಿ ಇಟ್ಟಳು. ಮರುದಿನ ಅದಕ್ಕೆ ಇರುವೆ ಹತ್ತಿತ್ತು. ಯಾಕೆ ತಿನ್ನಲಿಲ್ಲ ಅಂತ ನಾನು ಕೇಳಿದೆ.

"ತಮ್ಮ ಮನಿ ಮುಂದಿನ ಬಾವ್ಯಾಗ ಇವರಪ್ಪ ನನಗ ಕೊಡ ಇಳಿಬಿಡಗೊಟ್ಟಿಲ್ರಿ. ಅವರ ಉಂಡಿ ನನಗ ಹ್ಯಾಂಗ ಇಳೀತದ?" ಅಂದಳು. ಸಾವಕಾರರ ಮಗಳಿಗೆ ಕೇಳಲಿ ಅಂತಲೇ ಅಂದಳು. ಇವಳು ಗೋಡೆಯ ಕಡೆ ಹೊರಳಿ ಮಲಗಿದಳು. ಆಮೇಲೂ ಅವರಿಬ್ಬರ ನಡುವೆ ಹೆಚ್ಚು ಮಾತಾಗಲಿಲ್ಲ. ಆದರೆ ಕೇರಿಯವಳು ಕಾಲುಮಡಿಯಲು ಹೊರಗೆ ಹೋದಾಗ ಅವಳ ಕೂಸು ಅತ್ತರೆ ಇವಳು ಎತ್ತಿಕೊಳ್ಳುತ್ತಿದ್ದಳು, ಅವಳು ಬರುವ ಸಪ್ಪಳ ಕೇಳಿದ ಕೂಡಲೇ ಮಲಗಿಸಿಬಿಡುತ್ತಿದ್ದಳು. ನಾನು ನೋಡಿಯೂ ನೋಡದಂತೆ ಇದ್ದೆ.

ಸಾವಕಾರರ ಮಗಳು ತವರಿನ ಅಂಗಳಕ್ಕೆ ಕಂಡಿ ದಾಟಿ ಹೋದ ದಿನವೇ ಮಧ್ಯಾಹ್ನ ಗವಂಡಿ ಬಂದ. ಈ ಸಲ ಗೋಡೆ ಮೊದಲಿಗಿಂತ ದಪ್ಪ. ಮೇಲೆ ಗಾಳಿಗೆ ಸಂದು ಬಿಡಲಿಲ್ಲ, ಡಾಕ್ಟರೂ ಕೇಳಲಿಲ್ಲ. ನನ್ನ ವಿರುದ್ಧ ಮೇಲಕ್ಕೆ ಅರ್ಜಿ ಹೋಗಿತ್ತು, ಕರೆದಾಗ ಬರಲಿಲ್ಲ ಅಂತ. ವಿಚಾರಣೆಗೆ ಬಂದವರಿಗೆ ನಾನು ಮತ್ತೆ ಒಂದು ಬಕೆಟ್ಟು ನೀರು ಸುರಿದು ತೋರಿಸಿದೆ. ಅರ್ಜಿಯಿಂದ ನೌಕರಿ ಹೋಗಲಿಲ್ಲ, ಬಡ್ತಿ ಮಾತ್ರ ನಿಂತಿತು.

ಕರಾರು ಮುಗಿಯಲು ಕೆಲವು ತಿಂಗಳು ಉಳಿದಿದ್ದಾಗ ಒಂದು ಮುಂಜಾನೆ ಸಂದಿಯಲ್ಲಿ ಟಾಂಗಾ ನಿಂತಿತು. ಆ ಸಂದಿಗೆ ಟಾಂಗಾ ಬಂದದ್ದನ್ನು ನಾನು ಕಂಡಿರಲಿಲ್ಲ. ಗಂಡನ ಕೈ ಹಿಡಿದು ಇಳಿದವಳು ಸಾವಕಾರರ ಮಗಳು, ತುಂಬಿದ ಬಸುರಿ. ಎರಡನೆಯದು ಗಂಡನ ಮನೆಯಲ್ಲಿ ಆಗಬೇಕಾದ ಬಾಣಂತನ, ತವರಿನವರು ಅವಳು ಭಾಲ್ಕಿಯಲ್ಲೇ ಇದ್ದಾಳೆ ಅಂತ ತಿಳಿದಿದ್ದರು.

"ಮತ್ತ ರಕ್ತ ಹರಿದ್ರ ಅಂತ ಅಂಜಿಕಿ ಬಂತರಿ ಸಿಸ್ಟರ್. ಅಲ್ಲಿ ಯಾರೂ ಇಲ್ಲ," ಅಂದಳು.

ಕೇರಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಆ ಚಪ್ಪಲಿಗಾರನ ಹೆಂಡತಿಯೂ ಇದ್ದಳು, ಸೊಂಟದ ಮೇಲೆ ಮಗಳು. ಯಾರೂ ಮುಂದೆ ಬರಲಿಲ್ಲ, ಯಾರೂ ತಡೆಯಲೂ ಇಲ್ಲ. ಟಾಂಗಾದವನು ಕುಡಿಯಲು ನೀರು ಕೇಳಿದಾಗ ಚಪ್ಪಲಿಗಾರನ ಹೆಂಡತಿಯೇ ತಂದುಕೊಟ್ಟಳು.

ಈ ಸಲ ನಾನು ಮೊದಲೇ ಸೂಜಿ ತುಂಬಿಟ್ಟುಕೊಂಡೆ. ಮಧ್ಯಾಹ್ನದ ಊಟದ ಹೊತ್ತಿಗೆ ಗಂಡು ಕೂಸು ಹುಟ್ಟಿತು, ಮಾಸು ಬಂತು, ರಕ್ತ ಹರಿಯಲಿಲ್ಲ. ಕೂಸು ತಗಡು ಹಾರುವಂತೆ ಅತ್ತಿತು. ಗೋಡೆಯ ಆಚೆ, ಅಂಗಳದಲ್ಲಿ ಕೈ ತೊಳೆಯುತ್ತಿದ್ದ ಸಾವಕಾರರ ದನಿ ತಗಡಿನ ಅಡಿಯಿಂದ ತೂರಿ ಕೇಳಿಸಿತು.

"ಮತ್ತ ಯಾವಾಕೀನೋ ಕೇರ್ಯಾಕಿ ಹಡದ್ಲು ನೋಡು. ದಿನಾ ಇದೇ ಒದರಾಟ."

ನನ್ನ ಬಾಯಿಗೆ ಮಾತು ಬಂದಿತ್ತು. ಕೂಗಿ ಹೇಳಬೇಕು, ಸಾವಕಾರ್ರ, ನಿಮ್ಮ ಮೊಮ್ಮಗ ಅಂತ. ಎಷ್ಟು ದಿನದಿಂದ ಇಂಥದೊಂದಕ್ಕೆ ಕಾದಿದ್ದೆನೋ. ಮೇಜಿನ ಮೇಲಿಂದ ಅವಳು ನನ್ನ ಮಣಿಕಟ್ಟು ಹಿಡಿದಳು.

"ಹೇಳಬ್ಯಾಡ್ರಿ ಸಿಸ್ಟರ್."

"ಯಾಕವ್ವ?"

"ಕೇರ್ಯಾಕಿ ಅಂದಾರಲ್ಲ. ಇರ್ಲಿ, ಹಂಗೇ ಇರ್ಲಿ."

ನಾನು ಕೂಸನ್ನು ಒರೆಸಿ ಅವಳ ಎದೆಗೆ ಕೊಟ್ಟೆ. ಅದು ಇನ್ನೊಮ್ಮೆ ಗಟ್ಟಿಯಾಗಿ ಅತ್ತಿತು. ಗೋಡೆಯ ಆಚೆ ಯಾರೋ ಕಿಟಕಿ ಎಳೆದು ಮುಚ್ಚಿದರು.